ಹುಚ್ಚೆಳ್ಳು ಪುಡಿಯೂ ಹುಡುಕುವ ಯಂತ್ರವೂ

ಪುಸ್ತಕಕ್ಕೆ ವಿಮರ್ಶೆ ಉಂಟು, ನಾಟಕಕ್ಕೆ ಉಂಟು, ನಮ್ಮ ಸಂಘದ ರಾಜ್ಯೋತ್ಸವದ ಊಟಕ್ಕೂ ಉಂಟು. ಮನೆಯಲ್ಲೇ ಸಾರಿನ ಪುಡಿ, ಹಪ್ಪಳ ಮಾಡಿ ಮಾರುವ ಗೃಹಿಣಿಯರ ವೆಬ್‌ಸೈಟಿನ ಬರಹವನ್ನು ಮಾತ್ರ ಯಾರೂ ವಿಮರ್ಶೆಗೆ ಎತ್ತಿಕೊಂಡದ್ದನ್ನು ನಾನು ಕಂಡಿಲ್ಲ. ಅದೇನು ಸಾಹಿತ್ಯವೇ ಎಂದು ಓದುಗ ಬಂಧುಗಳು ಕೇಳಬಹುದು. ಸಾಹಿತ್ಯವಲ್ಲ, ನಿಜ. ಆದರೆ ಅದೂ ಬರಹವೇ. ಅದನ್ನು ನಂಬಿ ಒಂದು ಸಂಸಾರ ತನ್ನ ದುಡಿಮೆಯ ಹಣ ಹಾಕಿರುತ್ತದೆ. ಅದು ಒಳ್ಳೆಯ ಬರಹವೋ ಕೆಟ್ಟ ಬರಹವೋ ಎಂದು ಕೇಳುವುದು ತಪ್ಪಾಗಲಾರದು.

ಡೊಂಬಿವಲಿಯಲ್ಲಿರುವ ನಮ್ಮ ಅತ್ತಿಗೆಯವರು, ಅಣ್ಣ ನಿವೃತ್ತರಾದ ಮೇಲೆ, ಸಾರಿನ ಪುಡಿ, ಹುಳಿ ಪುಡಿ, ಹುಚ್ಚೆಳ್ಳು ಚಟ್ನಿಪುಡಿ ಮಾಡಿ ಮಾರತೊಡಗಿದರು. ಪರಿಚಯದವರೆಲ್ಲ ಕೊಂಡಾಯಿತು, ಪರಿಚಯವಿಲ್ಲದವರೂ ಕೊಳ್ಳಲಿ ಎಂದು ವೆಬ್‌ಸೈಟ್ ಆಯಿತು. ಆಗ ಒಬ್ಬ ಸಲಹೆಗಾರ ಬಂದು ಸರ್ಚ್ ಎಂಜಿನ್ ಆಪ್ಟಿಮೈಸೇಷನ್, ಸಂಕ್ಷೇಪದಲ್ಲಿ ಎಸ್‌ಇಒ, ಮಾಡಿಸಿದರೆ ಗೂಗಲ್‌ನಲ್ಲಿ ಮೊದಲ ಸ್ಥಾನ ಖಂಡಿತ ಎಂದು ಹೇಳಿ 18,000 ರೂಪಾಯಿ ಪಡೆದ. ತಿಂಗಳುಗಳು ಕಳೆದವು. ಹೊಸ ಗಿರಾಕಿ ಒಬ್ಬರೂ ಬರಲಿಲ್ಲ. ಕಳೆದ ದೀಪಾವಳಿಗೆ ಹೋದಾಗ ಅತ್ತಿಗೆ ಫೋನನ್ನು ನನ್ನ ಕೈಗಿತ್ತು, "ನೀನೇ ಓದಿ ನೋಡಪ್ಪ, ಇದು ನನ್ನ ಅಡಿಗೆಮನೆಯ ವಿಷಯವೇನಾ?" ಎಂದರು.

ಓದಿದೆ. ಇಂಗ್ಲಿಷಿನಲ್ಲಿದ್ದ ಆ ಬರಹದ ತಾತ್ಪರ್ಯ ಹೀಗಿದೆ: 'ಮುಂಬಯಿಯ ಅತ್ಯುತ್ತಮ ರಸಂ ಪುಡಿ ಹುಡುಕುತ್ತಿದ್ದೀರಾ? ಮುಂಬಯಿಯ ಅತ್ಯುತ್ತಮ ರಸಂ ಪುಡಿ ನಮ್ಮಲ್ಲಿದೆ. ಮುಂಬಯಿಯಲ್ಲಿ ಅತ್ಯುತ್ತಮ ರಸಂ ಪುಡಿ ಕೊಳ್ಳಬಯಸುವವರು...' ಹೀಗೆಯೇ ಒಂದು ಪುಟ. ಸಾರಿನ ಪುಡಿ ಎಂಬ ಮಾತೇ ಅದರಲ್ಲಿಲ್ಲ. ಮೆಣಸಿನಕಾಯಿ ಯಾವುದು, ಇಂಗು ಉಂಟೋ ಇಲ್ಲವೋ, ಎಷ್ಟು ದಿನ ಕೆಡದೆ ಇರುತ್ತದೆ, ಠಾಣೆಗೆ ಕಳಿಸುತ್ತಾರೋ, ಒಂದಕ್ಕೂ ಉತ್ತರವಿಲ್ಲ. ಯಾರನ್ನು ಉದ್ದೇಶಿಸಿ ಬರೆದದ್ದು ಎಂದು ನೋಡಿದರೆ, ಮನುಷ್ಯರನ್ನಂತೂ ಅಲ್ಲ. ಓದುಗನನ್ನೇ ಮರೆತ ಬರಹ ಎನ್ನುವುದು ವಿಮರ್ಶೆಯಲ್ಲಿ ದೊಡ್ಡ ದೂರು. ಇಲ್ಲಿ ಅದು ಅಕ್ಷರಶಃ ನಿಜ.

ಈ ಶೈಲಿ ಹುಟ್ಟಿದ್ದಕ್ಕೂ ಒಂದು ಚರಿತ್ರೆ ಇದೆ. ಮೊದಮೊದಲ ಹುಡುಕುವ ಯಂತ್ರಗಳು ಪುಟದಲ್ಲಿ ಒಂದು ಪದ ಎಷ್ಟು ಸಲ ಬಂದಿದೆ ಎಂಬುದಕ್ಕೆ ಬಹಳ ಬೆಲೆ ಕೊಡುತ್ತಿದ್ದವು. ಹೀಗಾಗಿ ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ ಪದಗಳನ್ನು ತುಂಬುವ ಚಾಣಾಕ್ಷರೂ ಇದ್ದರು. ಸ್ಟ್ಯಾನ್‌ಫರ್ಡ್‌ನಲ್ಲಿ ಸಂಶೋಧನಾ ವಿದ್ಯಾರ್ಥಿಗಳಾಗಿದ್ದ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ 1998ರಲ್ಲಿ ಗೂಗಲ್ ಸ್ಥಾಪಿಸಿದಾಗ ಬೇರೆಯ ಅಳತೆಯೊಂದನ್ನು ತಂದರು: ಒಂದು ಪುಟದತ್ತ ಬೇರೆ ಎಷ್ಟು ಪುಟಗಳು ಬೆರಳು ತೋರಿಸುತ್ತವೆ, ಆ ಬೆರಳು ತೋರಿಸುವವರ ಯೋಗ್ಯತೆ ಏನು? ವಿಜ್ಞಾನದ ಪ್ರಬಂಧಗಳನ್ನು ಇತರರು ಉಲ್ಲೇಖಿಸುವುದರಿಂದ ಅವುಗಳ ತೂಕ ತಿಳಿಯುವ ಕ್ರಮವೇ ಇದು. ಕೂಡಲೆ ಬೆರಳು ತೋರಿಸುವವರನ್ನೂ ಹಣಕೊಟ್ಟು ಕೊಳ್ಳುವ ವ್ಯಾಪಾರ ಹುಟ್ಟಿತು!

ಗೂಗಲ್ ಕೈಕಟ್ಟಿ ಕೂರಲಿಲ್ಲ. ಪುಟದ ಮರೆಯಲ್ಲಿ ಬರೆಯುವ ಕೀವರ್ಡ್ ಪಟ್ಟಿಯನ್ನು ಸ್ಥಾನ ನಿರ್ಣಯಕ್ಕೆ ಬಳಸುವುದಿಲ್ಲವೆಂದು 2009ರಲ್ಲೇ ಸಾರಿತು. 2011ರ 'ಪಾಂಡಾ' ಎಂಬ ಬದಲಾವಣೆ ಹುರುಳಿಲ್ಲದ ಪುಟಗಳನ್ನೂ, 2012ರ 'ಪೆಂಗ್ವಿನ್' ಕೊಂಡು ತಂದ ಕೊಂಡಿಗಳನ್ನೂ ಕೆಳಕ್ಕೆ ತಳ್ಳಿದವು. ಜನರಿಗಾಗಿ ಅಲ್ಲದೆ ಯಂತ್ರಕ್ಕಾಗಿ ಬರೆದ ಪುಟಗಳನ್ನು ಹಿಂದೆ ಸರಿಸುವ ಏರ್ಪಾಡು 2022ರಲ್ಲಿ ಬಂದು, 2024ರಲ್ಲಿ ಮುಖ್ಯ ವ್ಯವಸ್ಥೆಯಲ್ಲೇ ಸೇರಿಹೋಯಿತು. ಮೊದಲ ಸ್ಥಾನದ ಖಾತ್ರಿಯನ್ನು ಯಾರೂ ಕೊಡಲಾರರೆಂದೂ, ಸರಿಯಾದ ಕೆಲಸದ ಫಲ ಕಾಣಲು ಸಾಮಾನ್ಯವಾಗಿ ನಾಲ್ಕು ತಿಂಗಳಿಂದ ಒಂದು ವರ್ಷ ಬೇಕೆಂದೂ ಗೂಗಲ್ ತಾನೇ ಬರೆದಿದೆ. ಆ ಸಲಹೆಗಾರ ಮಾರಿದ್ದು, ಕೊಳ್ಳುವವನೇ ಬೇಡವೆಂದು ವರ್ಷಗಳ ಹಿಂದೆ ಹೇಳಿದ್ದ ಸರಕು.

ಹಾಗಾದರೆ ಏನು ಬರೆಯಬೇಕು? ಇಲ್ಲಿಯೇ ನಿಜವಾದ, ರುಚಿಕರವಾದ ಪ್ರಶ್ನೆ ಬರುತ್ತದೆ. ಹಳೇ ಮೈಸೂರಿನ ನಮ್ಮ ಹುಚ್ಚೆಳ್ಳು ಧಾರವಾಡದವರಿಗೆ ಗುರೆಳ್ಳು. ಪಕ್ಕದ ಮನೆಯ ಮರಾಠಿ ಬಾಯಿಯವರಿಗೆ ಕಾರಳೆ, ಹಿಂದಿಯವರಿಗೆ ರಾಮ್‌ತಿಲ್, ಇಂಗ್ಲಿಷಿನಲ್ಲಿ ನೈಜರ್ ಸೀಡ್. ಒಂದೇ ಕಪ್ಪು ಕಾಳು, ಐದು ಹೆಸರು. ಸಮಾನಾರ್ಥಕಗಳನ್ನು ಯಂತ್ರ ಈಗ ತಕ್ಕಮಟ್ಟಿಗೆ ಗ್ರಹಿಸುತ್ತದೆ. ಆದರೂ ಪುಟದಲ್ಲಿಲ್ಲದ ಹೆಸರನ್ನು ಅದು ಊಹಿಸಿಯೇ ತೀರುತ್ತದೆಂದು ನೆಚ್ಚಿ ಕೂರಲಾಗದು. ಗಿರಾಕಿ ತನ್ನ ಮನೆಯ ಮಾತಿನಲ್ಲಿ ಕೇಳುತ್ತಾನೆ, ಅಂಗಡಿಯವಳು ತನ್ನ ಮನೆಯ ಮಾತಿನಲ್ಲಿ ಹೇಳುತ್ತಾಳೆ. ಇವೆರಡನ್ನೂ ಪ್ರಾಮಾಣಿಕವಾಗಿ ಜೋಡಿಸುವುದೇ ಎಸ್‌ಇಒ ಎಂಬುದರ ತಿರುಳು. ಊರು ಬಿಟ್ಟು ಬಂದ ನಮಗೆ ಈ ಕೆಲಸ ಹೊಸದೇನಲ್ಲ. ಮಾರುಕಟ್ಟೆಯಲ್ಲಿ ನಿತ್ಯ ಮಾಡುತ್ತಲೇ ಇದ್ದೇವೆ.

ಅತ್ತಿಗೆ ಹೇಳಿದರು, ನಾನು ಬರೆದುಕೊಂಡೆ. ಕಚೇರಿಯಲ್ಲಿ ಕಡತದ ಮೇಲೆ 'ವಿಷಯ' ಎಂದು ಒಂದು ಸಾಲು ಬರೆಯುತ್ತೇವಲ್ಲ, ಪುಟದ ಶೀರ್ಷಿಕೆಯೂ ಅಂಥದೇ. ಅದು ಅಸ್ಪಷ್ಟವಾಗಿದ್ದರೆ ಕಡತ ಕಪಾಟಿನಲ್ಲೇ ಉಳಿಯುತ್ತದೆ. 'ಹುಚ್ಚೆಳ್ಳು (ಗುರೆಳ್ಳು, ಕಾರಳೆ) ಚಟ್ನಿಪುಡಿ – ಬೆಳ್ಳುಳ್ಳಿ ಇಲ್ಲದ್ದು – ಡೊಂಬಿವಲಿ' ಎಂದು ಹಾಕಿದೆವು. ಪದಾರ್ಥಗಳು, ತೂಕ, ಬೆಲೆ, ಎಲ್ಲೆಲ್ಲಿಗೆ ಕಳಿಸುತ್ತಾರೆ ಎಂಬುದು, ಆಹಾರ ಇಲಾಖೆಯ 14 ಅಂಕಿಯ ನೋಂದಣಿ ಸಂಖ್ಯೆ, ಎಲ್ಲವೂ ಅಕ್ಷರದಲ್ಲಿ ಬಂದವು. ಮೊದಲು ಬೆಲೆಪಟ್ಟಿಯೆಲ್ಲ ಚಿತ್ರದೊಳಗೆ ಅಡಗಿತ್ತು. ಚಿತ್ರದೊಳಗಿನ ಅಕ್ಷರವನ್ನು ಯಂತ್ರ ಓದುತ್ತದೆಂದು ನೆಚ್ಚಲಾಗದು. ಮನೆಬಾಗಿಲಿಗೆ ತಾವೇ ತಲುಪಿಸುವವರು ಗೂಗಲ್‌ನ ವ್ಯವಹಾರ ಪರಿಚಯ ಪುಟದಲ್ಲಿ ಮನೆಯ ವಿಳಾಸ ಮುಚ್ಚಿಟ್ಟು ಪ್ರದೇಶವನ್ನಷ್ಟೇ ತೋರಿಸಬಹುದು. ಒಂಟಿ ಹೆಂಗಸರಿಗೆ ಇದು ಮುಖ್ಯ. ಯಾವ ಮಾತು ಹುಡುಕಿದವರಿಗೆ ನಮ್ಮ ಪುಟ ಕಂಡಿತೆಂದು ತಿಳಿಸುವ 'ಸರ್ಚ್ ಕನ್ಸೋಲ್' ಕೂಡ ಉಚಿತ. ಈ ಎಲ್ಲಕ್ಕೂ 18,000 ರೂಪಾಯಿ ಬೇಕಾಗಲಿಲ್ಲ. ಎರಡು ಭಾನುವಾರಗಳು ಸಾಕಾದವು.

ಒಂದು ಮಾತು ನಮ್ಮವರಿಗೂ ಸಲ್ಲಬೇಕು. ಅತ್ತಿಗೆಯ ಪುಟದಲ್ಲಿ ಕನ್ನಡ ಇದ್ದದ್ದು ಒಂದೇ ಸಾಲು, ಅದೂ ಹಳೆಯ ಫಾಂಟಿನಲ್ಲಿ. ಯೂನಿಕೋಡ್ ಅಲ್ಲದ ಆ ಹಳೆಯ ಫಾಂಟುಗಳಲ್ಲಿ ಬರೆದದ್ದು ಕಣ್ಣಿಗೆ ಕನ್ನಡವಾದರೂ ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಕನ್ನಡದಲ್ಲಿ ಹುಡುಕುವವರಿಗೆ ಅದು ಸಿಕ್ಕುವುದಿಲ್ಲ. 'ಕನ್ನಡದಲ್ಲಿ ಯಾರು ಹುಡುಕುತ್ತಾರೆ?' ಎಂದು ನಾವು ಬರೆಯುವುದಿಲ್ಲ. ಬರೆದದ್ದಿಲ್ಲವಾದ್ದರಿಂದ ಯಾರೂ ಹುಡುಕುವುದಿಲ್ಲ. ಈ ಸುತ್ತನ್ನು ಮುರಿಯಲು ಒಂದು ಸಾಲು ಯೂನಿಕೋಡ್ ಕನ್ನಡ ಸಾಕು, ಖರ್ಚಿಲ್ಲ.

ಇದರಿಂದ ಅತ್ತಿಗೆ ಮೊದಲ ಸ್ಥಾನಕ್ಕೆ ಏರಿದರೆಂದು ಹೇಳಿದರೆ ನಾನೂ ಆ ಸಲಹೆಗಾರನಂತೆಯೇ ಆದೇನು. ದೊಡ್ಡ ಕಂಪನಿಗಳ ಪುಟಗಳು ಮೇಲೆಯೇ ಇವೆ. 2024ರಿಂದ ನಮ್ಮ ದೇಶದಲ್ಲಿ ಕೆಲವು ಪ್ರಶ್ನೆಗಳಿಗೆ ಯಂತ್ರವೇ ಉತ್ತರ ಹೆಣೆದು ಎಲ್ಲಕ್ಕಿಂತ ಮೇಲಿಡುತ್ತಿದೆ. 'ರಸಂ ಪುಡಿ' ಎಂದು ಹುಡುಕಿದರೆ ಅತ್ತಿಗೆ ಇಂದಿಗೂ ಎಲ್ಲೋ ಕೆಳಗೆ. ಆದರೆ ಹೋದ ತಿಂಗಳು ಕಲ್ಯಾಣದಿಂದ ಒಬ್ಬ ಅಪರಿಚಿತ ಮಹಿಳೆ ಫೋನ್ ಮಾಡಿ, "ಬೆಳ್ಳುಳ್ಳಿ ಹಾಕದ ಗುರೆಳ್ಳು ಚಟ್ನಿ ನಿಮ್ಮಲ್ಲೇ ಸಿಗ್ತೈತೇನ್ರಿ?" ಎಂದು ಕೇಳಿದರಂತೆ. ಅರ್ಧ ಕಿಲೋ ಕೊಂಡರು. ಮಾತು ಅರ್ಧ ಗಂಟೆ ನಡೆಯಿತು, ಬಹುಪಾಲು ಊರಿನ ವಿಷಯ. ಯಾರಿಗಾಗಿ ಬರೆದದ್ದೋ ಅವರಿಗೇ ಅದು ತಲುಪಿತು. ಯಾವ ಬರಹಕ್ಕಾದರೂ ಅಷ್ಟಾದರೆ ಸಾರ್ಥಕವೆಂಬುದು ನನ್ನ ನಮ್ರ ಅಭಿಪ್ರಾಯ.