ಭರತನ ನಾಟ್ಯಮಂಡಪವೂ ಗಣಕಯಂತ್ರದ ಶಬ್ದಪರೀಕ್ಷೆಯೂ

ಭರತಮುನಿಯ ನಾಟ್ಯಶಾಸ್ತ್ರದ ದ್ವಿತೀಯಾಧ್ಯಾಯವು ಪ್ರೇಕ್ಷಾಗೃಹದ ಲಕ್ಷಣವನ್ನು ವಿಧಿಸತಕ್ಕ ಭಾಗವಾಗಿದೆ. 1926ರಲ್ಲಿ ರಾಮಕೃಷ್ಣಕವಿಗಳು ಅಭಿನವಗುಪ್ತನ ವ್ಯಾಖ್ಯಾನದೊಡನೆ ಇದರ ಮೊದಲ ಸಂಪುಟವನ್ನು ಬರೋಡೆಯಲ್ಲಿ ಬೆಳಕಿಗೆ ತಂದಂದಿನಿಂದ ಈ ಅಧ್ಯಾಯದ ಪದಗಳ ವಿಷಯದಲ್ಲಿ ವಿದ್ವಾಂಸರ ವಿಚಾರವು ನಿಂತಿಲ್ಲ. ಈ ವಿಚಾರಕ್ಕೆ ಈಗ ಹೊಸದೊಂದು ಸಾಧನವು ಒದಗಿರುತ್ತದೆ. ಕಟ್ಟಡದ ಆಕೃತಿಯನ್ನು ಗಣಕಯಂತ್ರದೊಳಗೆ ರಚಿಸಿ, ನಟನ ಧ್ವನಿಯು ಯಾವ ಆಸನದಲ್ಲಿ ಎಷ್ಟು ಕೇಳಿಸುವುದೆಂದು ಲೆಕ್ಕ ಹಾಕುವ ತಂತ್ರಾಂಶಗಳೇ ಆ ಸಾಧನ. ಇದರಿಂದ ಭರತೋಕ್ತಿಯು ಸಿದ್ಧವಾಯಿತೆಂದು ಸಾರಬಹುದೇ ಎಂಬುದು ವಿಮರ್ಶಿಸತಕ್ಕ ವಿಷಯ.

ಭರತನು ಶಬ್ದವನ್ನು ಅಲಕ್ಷಿಸಿದವನಲ್ಲ. ಮಂಡಪವು ಅತಿ ದೀರ್ಘವಾದರೆ ಪಾಠ್ಯವು ವಿಸ್ವರವಾಗುವುದೆಂದೂ, ಮುಖದ ಭಾವವು ಅವ್ಯಕ್ತವಾಗುವುದೆಂದೂ ಎಚ್ಚರಿಸಿ, 64 ಹಸ್ತ ಉದ್ದ, 32 ಹಸ್ತ ಅಗಲದ ಮಧ್ಯಮ ಮಂಡಪವನ್ನೇ ಅವನು ಶ್ಲಾಘಿಸಿದ್ದಾನೆ. ಅದು ಶೈಲಗುಹಾಕಾರವಾಗಿಯೂ, ದ್ವಿಭೂಮಿಯಾಗಿಯೂ, ಗಾಳಿಯ ಹೊಡೆತವಿಲ್ಲದೆಯೂ ಇರಬೇಕು. ಹಾಗಿದ್ದರೆ ವಾದ್ಯವೃಂದವಾದ ಕುತಪದ ಸ್ವರವು ಗಂಭೀರವಾಗುವುದೆಂಬುದು ಅವನ ಅಭಿಪ್ರಾಯ. ಒಂದೇ ಮನೆಯಲ್ಲಿ ಮಾತು ಸ್ಪಷ್ಟವಾಗಿಯೂ ವಾದ್ಯವು ತುಂಬಿಕೊಂಡೂ ಕೇಳಿಸಬೇಕೆಂಬ ಈ ಉಭಯಾಪೇಕ್ಷೆಯು ಇಂದಿನ ಶಿಲ್ಪಿಗಳಿಗೂ ಕಷ್ಟಸಾಧ್ಯವಾದುದೇ ಸರಿ.

ಪಶ್ಚಿಮದಲ್ಲಿ ಈ ವಿಷಯವನ್ನು ಗಣಿತಕ್ಕೆ ಒಳಪಡಿಸಿದವನು ವಾಲೇಸ್ ಸೇಬೈನ್. 1895ರಿಂದ ಹಾರ್ವರ್ಡಿನ ಉಪನ್ಯಾಸಮಂದಿರವೊಂದರಲ್ಲಿ ಪ್ರಯೋಗ ನಡೆಸಿ, 1900ರಲ್ಲಿ ತೆರೆದ ಬಾಸ್ಟನ್ನಿನ ಸಂಗೀತಸಭಾಂಗಣಕ್ಕೆ ತನ್ನ ಸೂತ್ರವನ್ನು ಅವನು ಅನ್ವಯಿಸಿದನು. ಧ್ವನಿಯು ನಿಂತಮೇಲೆ ಅದರ ಮಟ್ಟವು 60 ಡೆಸಿಬಲ್ ಇಳಿಯಲು ಹಿಡಿಯುವ ಕಾಲವೇ ಅನುರಣನಕಾಲ. ಅದು ಮನೆಯ ಘನಪ್ರಮಾಣದೊಡನೆ ಏರುತ್ತದೆ, ಶಬ್ದವನ್ನು ಹೀರುವ ವಸ್ತುಗಳು ಹೆಚ್ಚಿದಂತೆ ಇಳಿಯುತ್ತದೆ. 1968ರಲ್ಲಿ ನಾರ್ವೆಯ ಸಂಶೋಧಕರು ಶಬ್ದವನ್ನು ಕಿರಣಗಳಂತೆ ಭಾವಿಸಿ ಗಣಕಯಂತ್ರದಲ್ಲಿ ಅನುಸರಿಸುವ ಕ್ರಮವನ್ನು ಪ್ರಕಟಿಸಿದರು. ಇಂದಿನ ತಂತ್ರಾಂಶಗಳು ಬಹುಮಟ್ಟಿಗೆ ಆ ಮಾರ್ಗವನ್ನೇ ಬೆಳೆಸಿಕೊಂಡು ಬಂದಿವೆ.

ಆದರೆ ಯಂತ್ರವು ಕೇಳುವ ಪ್ರಶ್ನೆಗಳಿಗೆಲ್ಲ ಗ್ರಂಥವು ಉತ್ತರ ಕೊಡುವುದಿಲ್ಲ. ಉದ್ದಗಲಗಳನ್ನು ನಿಯಮಿಸಿದ ಭರತನು ಮಾಡಿನ ಎತ್ತರವನ್ನು ಹೇಳಿಲ್ಲ, ಎತ್ತರವಿಲ್ಲದೆ ಘನಪ್ರಮಾಣವಿಲ್ಲ. ಹಸ್ತವನ್ನು 45 ಸೆಂಟಿಮೀಟರ್ ಎಂದು ಹಿಡಿದು, ಗೋಡೆಯಾಚೆಯ ನೇಪಥ್ಯದ 16 ಹಸ್ತಗಳನ್ನು ಕಳೆದರೆ, ಉಳಿದ ಮನೆಯು 21.6 ಮೀಟರ್ ಉದ್ದ, 14.4 ಮೀಟರ್ ಅಗಲವಾಗುತ್ತದೆ. ಪ್ರೇಕ್ಷಕರು ತುಂಬಿದ ನೆಲಕ್ಕೆ 0.8, ಮರದ ಮಾಡಿಗೂ ರಂಗಕ್ಕೂ 0.1, ಸುಣ್ಣಗಾರೆಯ ಗೋಡೆಗೆ 0.03 ಎಂದು ಹೀರುವಿಕೆಯ ಗುಣಾಂಕಗಳನ್ನು ಕಲ್ಪಿಸೋಣ. ಎತ್ತರವು 5 ಮೀಟರಾದರೆ ಸೇಬೈನನ ಸೂತ್ರದಂತೆ ಅನುರಣನಕಾಲವು ಸುಮಾರು 1.15 ಸೆಕೆಂಡು, 9 ಮೀಟರಾದರೆ ಸುಮಾರು 2 ಸೆಕೆಂಡು. ಮೊದಲನೆಯದು ಮಾತಿಗೆ ಒಗ್ಗುವ ಮನೆ. ಎರಡನೆಯದು ವಾದ್ಯಗೋಷ್ಠಿಗೆ ಒಪ್ಪಿ ಸಂಭಾಷಣೆಯನ್ನು ಮಸುಕುಗೊಳಿಸುವ ಮನೆ. ಗ್ರಂಥದ ಅಕ್ಷರವೊಂದೂ ಬದಲಾಗದೆ ತೀರ್ಪು ಮಾತ್ರ ತಲೆಕೆಳಗಾಯಿತು!

ಆದುದರಿಂದ ಎತ್ತರವನ್ನು ತಾನೇ ಇಟ್ಟುಕೊಟ್ಟು, ಬಂದ ಫಲದಿಂದ ಭರತನನ್ನು ಸಮರ್ಥಿಸುವವನ ಹೇತುವು ಸಾಧ್ಯಸಮವೆಂಬ ಹೇತ್ವಾಭಾಸಕ್ಕೆ ಸೇರತಕ್ಕದ್ದು. ವಾಕ್ಯದಲ್ಲಿಲ್ಲದ ಪದವನ್ನು ಅಧ್ಯಾಹಾರ ಮಾಡಿಕೊಳ್ಳುವುದು ವ್ಯಾಖ್ಯಾನಕಾರರಿಗೆ ಹೊಸದಲ್ಲ. ಆದರೆ ಅಧ್ಯಾಹೃತವನ್ನು ಮೂಲವೆಂದು ಹೇಳುವುದು ಅವರಿಗೆ ಸಮ್ಮತವಲ್ಲ. ಗಣಕಯಂತ್ರದ ವರ್ಣಚಿತ್ರದಲ್ಲಿ ಮೂಲವೂ ಅಧ್ಯಾಹಾರವೂ ಒಂದೇ ಬಣ್ಣದಲ್ಲಿ ಕಾಣಿಸುತ್ತವೆ, ಅಪಾಯವಿರುವುದು ಅಲ್ಲಿಯೇ.

ಹಾಗೆಂದು ಸಾಧನವು ನಿಷ್ಪ್ರಯೋಜಕವೆನ್ನಲಾಗದು. ಭಿನ್ನ ವ್ಯಾಖ್ಯಾನಗಳ ತಾರತಮ್ಯವನ್ನು ತಿಳಿಯುವುದಕ್ಕೆ ಅದು ಉಪಕಾರಿಯೇ. ದ್ವಿಭೂಮಿ ಎಂಬ ಪದಕ್ಕೆ ಅಭಿನವಗುಪ್ತನು ಹಲವು ಮತಗಳನ್ನು ಉದಾಹರಿಸಿದ್ದಾನೆ. ರಂಗಪೀಠದ ಬಳಿಯಿಂದ ಬಾಗಿಲವರೆಗೆ ನೆಲವು ಕ್ರಮವಾಗಿ ಏರಿ ಪೀಠದಷ್ಟೇ ಎತ್ತರವಾಗಬೇಕು, ಆಗ ಸಾಮಾಜಿಕರು ಒಬ್ಬರನ್ನೊಬ್ಬರು ಮರೆಮಾಡುವುದಿಲ್ಲ ಎಂಬುದು ಅವನ ಉಪಾಧ್ಯಾಯರ ಮತ. ಮುಂದಿನವರ ತಲೆಗಳನ್ನು ಸವರಿಕೊಂಡು ಹೋಗುವ ಧ್ವನಿಯು ಕುಂದುವುದರಿಂದ, ನೋಟಕ್ಕೆ ತೆರವಾದ ದಾರಿಯು ಕಿವಿಗೂ ಹಿತವೇ. ಎತ್ತರವೇ ಮೊದಲಾದ ಕಲ್ಪಿತಾಂಶಗಳನ್ನು ಒಂದೇ ಸಮನಾಗಿಟ್ಟು, ಸಮನೆಲದ ಮಂಡಪವನ್ನೂ ಏರುನೆಲದ ಮಂಡಪವನ್ನೂ ಹೋಲಿಸಿದರೆ ಈ ಮತದ ಬಲಾಬಲವು ಗೋಚರಿಸುವುದು. ಹಾಗೆಯೇ ಶೈಲಗುಹಾಕಾರವೆಂದರೆ ನಿಜವಾದ ಕಲ್ಲಿನ ಗವಿಯೇ, ಅಥವಾ ಶಬ್ದವನ್ನು ಹೊರಗೆ ಚೆದರಗೊಡದ ಆವೃತ ಆಕಾರವೇ ಎಂಬ ಸಂದೇಹವನ್ನೂ ಪರೀಕ್ಷಿಸಬಹುದು. ನುಣುಪಾದ ಶಿಲೆಯು ಶಬ್ದವನ್ನು ಹೀರುವುದು ಅತ್ಯಲ್ಪ; ಸುತ್ತಲೂ ಅದೇ ಆದರೆ ಅನುರಣನವು ಬೆಳೆಯುವುದು. ಪಾಠ್ಯದ ಸ್ಪಷ್ಟತೆಯನ್ನು ಬಯಸಿದ ಭರತನಿಗೆ ಅದು ಇಷ್ಟವಾಗಲಾರದು. ಇಟ್ಟಿಗೆ ಮರಗಳ ಸೋಪಾನಪೀಠವನ್ನೂ, ಮರಗೆಲಸವನ್ನೂ, ಸುಣ್ಣದ ಲೇಪವನ್ನೂ ವಿಧಿಸಿದವನಿಗೆ ಗುಹೆಯು ಉಪಮಾನವೇ ಹೊರತು ದ್ರವ್ಯವಲ್ಲವೆಂಬ ಪಕ್ಷವೇ ಯುಕ್ತತರವಾಗಿ ತೋರುತ್ತದೆ.

ಹೀಗೆ ಯಂತ್ರವು ಇಲ್ಲಿ ಆಪ್ತವಾಕ್ಯವಲ್ಲ, ತರ್ಕವಾದೀತು: ಕೊಟ್ಟ ಕಲ್ಪನೆಯಿಂದ ಏನು ಬರುವುದೆಂದು ತೋರಿಸೀತು, ಕಲ್ಪನೆಯು ಸತ್ಯವೆಂದು ಹೇಳದು. ಯಾವ ಅಳತೆಯು ಗ್ರಂಥದ್ದು, ಯಾವುದು ತನ್ನದು ಎಂದು ಮೊದಲು ಬೇರ್ಪಡಿಸಿ ಬರೆದವನ ಪರೀಕ್ಷೆಯೇ ವಿದ್ವಜ್ಜನರ ಆದರಕ್ಕೆ ಪಾತ್ರವಾಗತಕ್ಕದ್ದು.