ಕಲಿಸಿದ ಭಯ: ಒಂದು ಪ್ರಯೋಗದ ಪುನರ್ವಿಮರ್ಶೆ

ಮನಶ್ಶಾಸ್ತ್ರವನ್ನು ಹೊಸದಾಗಿ ಅಭ್ಯಸಿಸುವ ವಿದ್ಯಾರ್ಥಿಯ ಕೈಗೆ ಬರುವ ಪ್ರವೇಶಗ್ರಂಥಗಳು ಬಹುಮಟ್ಟಿಗೆ ಒಂದೇ ಜಾಡಿನಲ್ಲಿ ನಡೆಯುತ್ತವೆ. ಕಲಿಕೆ, ಸ್ಮೃತಿ, ಸಂವೇಗ, ಪ್ರೇರಣೆ ಎಂಬ ಅಧ್ಯಾಯಗಳು ಒಂದರ ಹಿಂದೊಂದು ಬರುತ್ತವೆ. ಕಲಿಕೆಯ ಅಧ್ಯಾಯದಲ್ಲಿ ರಷ್ಯಾದ ಪಾವ್ಲೋವ್ ಮತ್ತು ಅವರ ನಾಯಿಗಳ ವಿಷಯ ಮುಗಿದ ಬಳಿಕ, ಬಿಳಿ ಇಲಿಯನ್ನು ಕಂಡು ಅಳುವ ಒಂದು ಹಸುಗೂಸಿನ ಕಥೆ ಬರುತ್ತದೆ. ಆ ಮಗುವಿಗೆ ಗ್ರಂಥಗಳಲ್ಲಿ ಉಳಿದಿರುವ ಹೆಸರು 'ಪುಟ್ಟ ಆಲ್ಬರ್ಟ್'. ಅರ್ಧ ಪುಟದಲ್ಲಿ ಮುಗಿಯುವ ಈ ಕಥೆಯನ್ನು ವಿದ್ಯಾರ್ಥಿಯು ಪರೀಕ್ಷೆಗೆಂದು ನೆನಪಿಟ್ಟುಕೊಂಡು ಮುಂದೆ ಸಾಗುತ್ತಾನೆ. ಆದರೆ ಮೂಲಲೇಖನವನ್ನು ತಾಳ್ಮೆಯಿಂದ ಓದಿದವರ ಮನಸ್ಸಿನಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಪ್ರಯೋಗವು ಸಾಧಿಸಿತೆಂದು ಹೇಳಲಾಗುವುದನ್ನು ಅದು ನಿಜವಾಗಿ ಸಾಧಿಸಿತೆ? ಸಾಧಿಸಿತೆಂದೇ ಒಪ್ಪಿದರೂ, ಒಂದು ಮಗುವಿನ ಮನಸ್ಸಿನಲ್ಲಿ ಇಲ್ಲದ ಭಯವನ್ನು ಬಿತ್ತುವ ಅಧಿಕಾರ ಯಾರಿಗಿತ್ತು?

ಲೇಖನವು 1920ರಲ್ಲಿ ಅಮೆರಿಕದ ಒಂದು ಪ್ರಯೋಗಾತ್ಮಕ ಮನಶ್ಶಾಸ್ತ್ರ ಪತ್ರಿಕೆಯಲ್ಲಿ ಪ್ರಕಟವಾಯಿತು. ಬರೆದವರು ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜಾನ್ ಬಿ. ವಾಟ್ಸನ್ ಮತ್ತು ಅವರ ಸಹಾಯಕಿ ರೋಸಲಿ ರೇನರ್. ಮಗುವಿನ ತಾಯಿ ಮಕ್ಕಳ ಚಿಕಿತ್ಸಾಲಯವೊಂದರಲ್ಲಿ ಇತರರ ಶಿಶುಗಳಿಗೆ ಹಾಲೂಡಿಸುವ ದಾದಿಯಾಗಿದ್ದಳು. ಆದ್ದರಿಂದ ಮಗು ಹುಟ್ಟಿದಂದಿನಿಂದ ಬಹುಪಾಲು ಅಲ್ಲಿಯೇ ಬೆಳೆದಿತ್ತು. ಸುಮಾರು 9 ತಿಂಗಳ ವಯಸ್ಸಿನಲ್ಲಿ ಅದಕ್ಕೆ ಬಿಳಿ ಇಲಿ, ಮೊಲ, ನಾಯಿ, ಕೋತಿ, ಮುಖವಾಡ, ಹತ್ತಿ, ಉರಿಯುವ ಕಾಗದ ಇವನ್ನೆಲ್ಲ ತೋರಿಸಲಾಯಿತು. ಮಗು ಯಾವುದಕ್ಕೂ ಹೆದರಲಿಲ್ಲ. ಆದರೆ ಬೆನ್ನ ಹಿಂದೆ 4 ಅಡಿ ಉದ್ದದ ಉಕ್ಕಿನ ಸರಳನ್ನು ಸುತ್ತಿಗೆಯಿಂದ ಬಡಿದಾಗ ಬೆಚ್ಚಿ ಅತ್ತಿತು. 11 ತಿಂಗಳು ತುಂಬಿದ ಮೇಲೆ, ಇಲಿಯನ್ನು ಮುಟ್ಟಲು ಮಗು ಕೈ ಚಾಚಿದೊಡನೆ ಸರಳು ಸದ್ದು ಮಾಡತೊಡಗಿತು. ಒಂದು ವಾರದ ಅಂತರದ ಎರಡು ದಿನಗಳಲ್ಲಿ ಒಟ್ಟು 7 ಬಾರಿ ಹೀಗೆ ಇಲಿಯನ್ನೂ ಸದ್ದನ್ನೂ ಕೂಡಿಸಲಾಯಿತು. ಆ ಬಳಿಕ ಸದ್ದಿಲ್ಲದೆ ಇಲಿಯೊಂದನ್ನೇ ಮುಂದಿಟ್ಟಾಗಲೂ ಮಗು ಅಳುತ್ತ ಅಂಬೆಗಾಲಿಟ್ಟು ದೂರ ಸರಿಯಿತು. ಐದು ದಿನಗಳ ತರುವಾಯ ಮೊಲ, ನಾಯಿ, ತುಪ್ಪುಳಿನ ಕೋಟು ಇವನ್ನು ಕಂಡಾಗಲೂ ಅದು ಹಿಂಜರಿಯಿತು. ಹೀಗೆ ಭಯವು ಕಲಿಕೆಯಿಂದ ಬರುತ್ತದೆ, ಒಂದು ವಸ್ತುವಿನಿಂದ ಅದನ್ನು ಹೋಲುವ ಇತರ ವಸ್ತುಗಳಿಗೆ ಹರಡುತ್ತದೆ ಎಂಬುದು ಲೇಖಕರ ತೀರ್ಮಾನ.

ಭಯಗಳೆಲ್ಲ ಹುಟ್ಟಿನಿಂದಲೇ ಬಂದವು ಎಂಬ ನಂಬಿಕೆಯನ್ನು ಈ ಲೇಖನವು ಪ್ರಶ್ನಿಸಿದ್ದು ನಿಜ. ಆ ಮಟ್ಟಿಗೆ ಅದರ ಮಹತ್ವವನ್ನು ಅಲ್ಲಗಳೆಯಲಾಗದು. ಆದರೆ ಸಾಕ್ಷ್ಯವು ತೀರ್ಮಾನದಷ್ಟು ಗಟ್ಟಿಯಾಗಿಲ್ಲ. ಮೊದಲನೆಯದಾಗಿ, ಇದು ಒಂದೇ ಒಂದು ಮಗುವಿನ ಪರೀಕ್ಷೆ. ಎರಡನೆಯದಾಗಿ, ಭಯವು ಮಂದವಾದಂತೆ ಕಂಡಾಗ ಇಲಿಯೊಡನೆ ಸರಳಿನ ಸದ್ದನ್ನು ಮತ್ತೆ ಕೂಡಿಸಿದರು. ಅದೇ ದಿನ ಮೊಲಕ್ಕೂ ನಾಯಿಗೂ ನೇರವಾಗಿ ಸದ್ದನ್ನು ಜೋಡಿಸಿದರು. ಹಾಗಿರುವಾಗ ಆ ಬಳಿಕ ಮೊಲ ಮತ್ತು ನಾಯಿಗಳ ಬಗ್ಗೆ ಕಂಡ ಭಯವು ಇಲಿಯಿಂದ ತಾನಾಗಿ ಹರಡಿದ್ದೆಂದು ಹೇಗೆ ಹೇಳಬಹುದು? ಮೂರನೆಯದಾಗಿ, ಸುಮಾರು ಒಂದು ತಿಂಗಳ ನಂತರ ನಡೆದ ಕೊನೆಯ ಪರೀಕ್ಷೆಯಲ್ಲಿ ಮಗು ಮೊದಲು ಮೊಲವನ್ನು ಕಾಲಿನಿಂದ ದೂಡಿ ಕೊರಗಿತಾದರೂ, ಒಂದು ನಿಮಿಷದ ಬಳಿಕ ಮೆಲ್ಲಗೆ ಕೈ ಚಾಚಿ ಅದರ ಕಿವಿಯನ್ನು ಮುಟ್ಟಿತು. ಇದು ಭಯವೊಂದೇ ಅಲ್ಲ. ಭಯ ಮತ್ತು ಕುತೂಹಲಗಳ ತೊಳಲಾಟ. ಲೇಖಕರೇ ಇದನ್ನು ಪ್ರಾಮಾಣಿಕವಾಗಿ ದಾಖಲಿಸಿದ್ದಾರೆ. ಪ್ರವೇಶಗ್ರಂಥಗಳಲ್ಲಿ ಮಾತ್ರ ಆ ಪುಟ್ಟ ಕೈ ಕಾಣುವುದು ಅಪರೂಪ.

ಇನ್ನೊಂದು ಸಂಗತಿ ಓದುಗರ ಮನಸ್ಸನ್ನು ಕಲಕುವಂಥದು. ಮಗುವಿಗೆ ಹೆಬ್ಬೆರಳು ಚೀಪುವ ಅಭ್ಯಾಸವಿತ್ತು. ಬೆರಳು ಬಾಯಲ್ಲಿರುವಾಗ ಅದು ಹೆದರುತ್ತಿರಲಿಲ್ಲ. ಆದಕಾರಣ ಭಯದ ಪ್ರತಿಕ್ರಿಯೆಯನ್ನು ಪಡೆಯಲು ಪ್ರಯೋಗಕರ್ತರು ಮತ್ತೆ ಮತ್ತೆ ಆ ಬೆರಳನ್ನು ಬಾಯಿಂದ ತೆಗೆಯಬೇಕಾಯಿತು. ಮಗು ತನಗೆ ತಾನೇ ಕಂಡುಕೊಂಡ ಏಕೈಕ ಸಮಾಧಾನವನ್ನೂ ಪ್ರಯೋಗದ ಯಶಸ್ಸಿಗೆ ಅಡ್ಡಿಯೆಂದು ಎಣಿಸಲಾಯಿತು.

ಇಂದಿನ ನೀತಿಯ ಅಳತೆಗೋಲಿನಿಂದ ಅಂದಿನವರನ್ನು ಅಳೆಯುವುದು ಅನ್ಯಾಯವೆಂದು ಕೆಲವರು ವಾದಿಸಬಹುದು. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘವು ತನ್ನ ಮೊದಲ ನೀತಿಸಂಹಿತೆಯನ್ನು ಪ್ರಕಟಿಸಿದ್ದು 1953ರಲ್ಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯು ಮಕ್ಕಳನ್ನು ಸಂಶೋಧನೆಗೆ ಒಳಪಡಿಸಲು ಪೋಷಕರ ತಿಳಿವಳಿಕೆಯ ಒಪ್ಪಿಗೆಯನ್ನು ಕಡ್ಡಾಯವೆನ್ನುತ್ತದೆ. 1920ರಲ್ಲಿ ಇಂಥ ಲಿಖಿತ ನಿಯಮಗಳು ಇರಲಿಲ್ಲ. ಲೇಖನದಲ್ಲಿ ತಾಯಿಯ ಒಪ್ಪಿಗೆಯ ಪ್ರಸ್ತಾಪವೂ ಇಲ್ಲ. ಆದರೆ ಇಲ್ಲಿ ಹೊರಗಿನ ಅಳತೆಗೋಲು ಬೇಕಾಗಿಯೇ ಇಲ್ಲ. ಭಯವನ್ನು ಹುಟ್ಟಿಸಲು ತಾವು ಮೊದಲಿಗೆ ಬಹಳ ಹಿಂಜರಿದುದಾಗಿಯೂ, ಅಂಥ ಕಾರ್ಯಕ್ಕೆ ಹೊಣೆಗಾರಿಕೆಯೊಂದು ಅಂಟಿಕೊಂಡಿದೆಯೆಂದು ಅರಿತಿದ್ದುದಾಗಿಯೂ ಲೇಖಕರೇ ಬರೆದಿದ್ದಾರೆ. ಮಗು ಆಸ್ಪತ್ರೆಯ ಆಶ್ರಯವನ್ನು ಬಿಟ್ಟು ಮನೆಗೆ ಹೋದರೆ ಹೇಗೂ ಇಂಥ ಭಯಗಳು ಉಂಟಾಗುತ್ತಿದ್ದುವೆಂದು ತಮ್ಮನ್ನು ತಾವೇ ಸಮಾಧಾನಪಡಿಸಿಕೊಂಡುದಾಗಿಯೂ ಹೇಳಿದ್ದಾರೆ. ಅಂತಃಸಾಕ್ಷಿಯು ಮಾತನಾಡಿತ್ತು, ಅದಕ್ಕೆ ಉತ್ತರವಾಗಿ ಒಂದು ನೆಪವನ್ನು ಒದಗಿಸಲಾಯಿತು. ಲೋಕದಲ್ಲಿ ನೋವು ಹೇಗೂ ಇದೆಯೆಂಬುದು ತಾನೊಂದು ನೋವನ್ನು ಸೇರಿಸಲು ಪರವಾನಗಿಯಾಗಲಾರದು. ಹಿಂಸೆಯ ಸಮರ್ಥನೆಗಳಲ್ಲಿ ಇದಕ್ಕಿಂತ ಸುಲಭವಾದುದೂ ಇದಕ್ಕಿಂತ ಬಳಕೆಯಲ್ಲಿರುವುದೂ ಮತ್ತೊಂದಿಲ್ಲ.

ಹುಟ್ಟಿಸಿದ ಭಯವನ್ನು ಹೋಗಲಾಡಿಸುವ ವಿಧಾನಗಳನ್ನೂ ಲೇಖಕರು ಯೋಚಿಸಿದ್ದರು. ಆದರೆ ಕೊನೆಯ ಪರೀಕ್ಷೆಯ ದಿನವೇ ಮಗುವನ್ನು ಆಸ್ಪತ್ರೆಯಿಂದ ಕರೆದೊಯ್ದರೆಂದೂ, ಅದರಿಂದ ಅವಕಾಶ ತಪ್ಪಿತೆಂದೂ ವಿಷಾದಿಸಿದ್ದಾರೆ. ಮಗು ಹೊರಡುವುದು ಅವರಿಗೆ ಒಂದು ತಿಂಗಳು ಮುಂಚೆಯೇ ತಿಳಿದಿತ್ತೆಂದು ಬೆನ್ ಹ್ಯಾರಿಸ್ ಎಂಬ ವಿದ್ವಾಂಸರು 1979ರಲ್ಲಿ ಎತ್ತಿ ತೋರಿಸಿದರು. ಪರೀಕ್ಷಿಸಲು ದೊರೆತ ಸಮಯ ಪರಿಹರಿಸಲು ದೊರೆಯಲಿಲ್ಲ. ಆ ಮಗು ಯಾರು, ಮುಂದೇನಾಯಿತು ಎಂಬುದನ್ನು ಹುಡುಕಿದ ಸಂಶೋಧಕರು 2009 ಮತ್ತು 2014ರಲ್ಲಿ ಇಬ್ಬರು ಬೇರೆ ಬೇರೆ ವ್ಯಕ್ತಿಗಳನ್ನು ಮುಂದಿಟ್ಟರು. ಪಠ್ಯಗಳಲ್ಲಿ ಇಷ್ಟು ಪ್ರಸಿದ್ಧವಾದ ಮಗುವಿನ ಗುರುತು ಇಷ್ಟು ಕಾಲದ ನಂತರವೂ ವಿವಾದಾಸ್ಪದವಾಗಿ ಉಳಿದಿದೆ.

ಹ್ಯಾರಿಸ್ ಅವರು ತೋರಿಸಿದ ಇನ್ನೊಂದು ದೋಷವು ಪ್ರಯೋಗಶಾಲೆಯದಲ್ಲ, ಗ್ರಂಥಕರ್ತರದು. ಕೆಲವು ಪಠ್ಯಗಳು ಮಗುವು ಎಂದೂ ನೋಡದ ವಸ್ತುಗಳನ್ನು ಅದರ ಭಯದ ಪಟ್ಟಿಗೆ ಸೇರಿಸಿದ್ದುವು. ಇನ್ನು ಕೆಲವು, ಕೊನೆಯಲ್ಲಿ ಭಯವನ್ನು ನಿವಾರಿಸಲಾಯಿತೆಂದು ಸುಖಾಂತವನ್ನೇ ಕಲ್ಪಿಸಿದ್ದುವು. ಕೇಳಿದ್ದನ್ನು ಮನಸ್ಸು ತನಗೆ ಒಗ್ಗುವಂತೆ ತಿದ್ದಿ ನೆನಪಿಡುತ್ತದೆಂದು ಸ್ಮೃತಿಯ ಅಧ್ಯಾಯದಲ್ಲಿ ಬೋಧಿಸುವ ಶಾಸ್ತ್ರವೇ ತನ್ನ ಚರಿತ್ರೆಯನ್ನು ಹೀಗೆ ತಿದ್ದಿಕೊಂಡದ್ದು ವಿಪರ್ಯಾಸ. ಇದು ಅಲ್ಪ ದೋಷವಲ್ಲ. ತಪ್ಪನ್ನು ಮಾಡುವುದು, ಮಾಡಿಸುವುದು, ಅನುಮೋದಿಸುವುದು ಮೂರೂ ಸಮಾನವೆಂದು ತಿಳಿದವರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. ಸುಳ್ಳು ಸುಖಾಂತವು ಅನುಮೋದನೆಯ ಒಂದು ಸೌಮ್ಯ ರೂಪ. ಅದನ್ನು ಓದಿದ ವಿದ್ಯಾರ್ಥಿಯು ಮಗುವಿಗಾಗಿ ಮರುಗದೆಯೇ ಪುಟ ತಿರುವುತ್ತಾನೆ.

ಸುಖಾಂತ ಬೇಕಾದವರಿಗೆ ನಿಜವಾದುದೊಂದು ಇದೆ. ಮೇರಿ ಕವರ್ ಜೋನ್ಸ್ ಅವರು ವಾಟ್ಸನ್ನರ ಸಲಹೆಯೊಂದಿಗೆ ನಡೆಸಿ 1924ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪೀಟರ್ ಎಂಬ, ಮೂರು ವರ್ಷ ತುಂಬದ ಬಾಲಕನಿದ್ದಾನೆ. ಅವನಿಗೆ ಮೊಲದ ಭಯ ಮೊದಲೇ ಇತ್ತು. ಯಾರೂ ಪ್ರಯೋಗಕ್ಕಾಗಿ ಹುಟ್ಟಿಸಿದ್ದಲ್ಲ. ಮೊದಲಿಗೆ ಮೊಲಕ್ಕೆ ಹೆದರದ ಮಕ್ಕಳೊಡನೆ ಅವನನ್ನು ಆಡಲು ಬಿಟ್ಟರು. ನಡುವೆ ಕಾಯಿಲೆಯಿಂದಲೂ, ದೊಡ್ಡ ನಾಯಿಯೊಂದು ಹೆದರಿಸಿದ್ದರಿಂದಲೂ ಗಳಿಸಿದ ಧೈರ್ಯವೆಲ್ಲ ಕರಗಿತು. ಜೋನ್ಸರು ಬೇಸರಿಸದೆ ಪುನಃ ಆರಂಭಿಸಿದರು. ಅವನು ಇಷ್ಟದ ತಿನಿಸನ್ನು ತಿನ್ನುವಾಗ ಪಂಜರದಲ್ಲಿನ ಮೊಲವನ್ನು ದೂರದಲ್ಲಿಟ್ಟು, ಅವನಿಗೆ ಸಹ್ಯವಾದಷ್ಟೇ ದಿನದಿನಕ್ಕೆ ಹತ್ತಿರ ತಂದರು. ಕೊನೆಗೆ ಮೊಲವು ತನ್ನ ಬೆರಳನ್ನು ಮೆಲ್ಲಗೆ ಕಚ್ಚಿದರೂ ಅವನು ಹೆದರಲಿಲ್ಲ. ಮುಂದೆ ಬೆಳೆದ ವರ್ತನಾ ಚಿಕಿತ್ಸೆಗೆ ಈ ಅಧ್ಯಯನವು ಆದಿಯೆನಿಸಿತು. ಕಲಿಕೆಯ ನಿಯಮವು ಎರಡು ಅಧ್ಯಯನಗಳಲ್ಲೂ ಒಂದೇ. ಒಂದರಲ್ಲಿ ಮಗುವು ಸಿದ್ಧಾಂತದ ಸಾಧನವಾಯಿತು. ಇನ್ನೊಂದರಲ್ಲಿ ಸಿದ್ಧಾಂತವು ಮಗುವಿನ ಸೇವೆಗೆ ನಿಂತಿತು. ಭಯವನ್ನು ಬಿತ್ತಲು 7 ಪೆಟ್ಟು ಸಾಕಾಯಿತು; ಕೀಳಲು ತಿಂಗಳುಗಳ ತಾಳ್ಮೆ ಬೇಕಾಯಿತು.

ಈ ವಿಮರ್ಶೆಯು ವಿದ್ವಾಂಸರಿಗಷ್ಟೇ ಸಂಬಂಧಿಸಿದ್ದಲ್ಲ. ಊಟ ಮಾಡದ ಮಗುವಿಗೆ ಗುಮ್ಮನನ್ನು ಕರೆಯುವ ತಾಯಿ, ಮಗ್ಗಿ ತಪ್ಪಿದವನೆದುರು ಬೆತ್ತ ಝಳಪಿಸುವ ಉಪಾಧ್ಯಾಯ, ಶ್ಲೋಕವನ್ನು ಒಪ್ಪಿಸಲಾರದ ಬಾಲಕಿಯನ್ನು ಸಭೆಯಲ್ಲಿ ನಾಚಿಸುವ ಹಿರಿಯ, ಇವರೆಲ್ಲರೂ ಅರಿಯದೆಯೇ ಆ ಸರಳನ್ನು ಬಡಿಯುತ್ತಿರಬಹುದು. ಲೋಕದ ಕಷ್ಟ ಮುಂದೆ ಹೇಗೂ ಕಾದಿದೆ, ಈಗಲೇ ಅಭ್ಯಾಸವಾಗಲಿ ಎಂದು ತಮ್ಮನ್ನು ತಾವೇ ಸಮಾಧಾನಪಡಿಸಿಕೊಳ್ಳುವವರೂ ಉಂಟು. ಕಲಿಯಬೇಕಾದ ಪಾಠ ಮರೆತುಹೋಗಿ, ಪಾಠದೊಡನೆ ಬಂದ ಭಯವು ಪುಸ್ತಕಕ್ಕೂ ಗುರುವಿಗೂ ಮಂದಿರದ ಹೊಸ್ತಿಲಿಗೂ ಅಂಟಿಕೊಂಡರೆ ನಷ್ಟ ಯಾರದು?

ಪುಟ್ಟ ಆಲ್ಬರ್ಟನ ಕಥೆಯನ್ನು ಪಠ್ಯದಿಂದ ತೆಗೆದುಹಾಕಬೇಕಾಗಿಲ್ಲ. ಪೂರ್ತಿಯಾಗಿ, ಸತ್ಯವಾಗಿ ಹೇಳಿದರೆ ಸಾಕು. ಬಾಯಿಂದ ತೆಗೆದ ಬೆರಳನ್ನೂ, ಮೊಲದ ಕಿವಿಯತ್ತ ಚಾಚಿದ ಕೈಯನ್ನೂ, ಭಯವನ್ನು ಬಿಡಿಸದೆಯೇ ಕಳುಹಿಸಿದ ದಿನವನ್ನೂ ವಿದ್ಯಾರ್ಥಿಗೆ ತಿಳಿಸಬೇಕು. ಆಗ ಅವನು ಅನುಬಂಧನದ ನಿಯಮದ ಜೊತೆಗೆ, ಆ ನಿಯಮವನ್ನು ಬಳಸುವವನ ಹೊಣೆಯನ್ನೂ ಕಲಿಯುತ್ತಾನೆ.