‘ಲಸ್ಟ್ ಫಾರ್ ಲೈಫ್’: ಮುಕ್ತಾಯದ ಬಗೆಗೆ ಒಂದು ಆಕ್ಷೇಪ

1956ರಲ್ಲಿ ವಿನ್ಸೆಂಟ್ ಮಿನೆಲ್ಲಿ ನಿರ್ದೇಶಿಸಿದ ಈ ಚಲಚ್ಚಿತ್ರವು ಚಿತ್ರಕಾರ ವ್ಯಾನ್ ಗೋನ ಬಾಳನ್ನು ಇರ್ವಿಂಗ್ ಸ್ಟೋನನ ಕಾದಂಬರಿಯ ಮೂಲಕ ನಿರೂಪಿಸುತ್ತದೆ. ಕರ್ಕ್ ಡಗ್ಲಾಸನ ಅಭಿನಯವನ್ನು ಮೆಚ್ಚದಿರಲಾರೆವು, ರೂಪಸಾಮ್ಯವಂತೂ ಬೆರಗುಗೊಳಿಸುವಷ್ಟಿದೆ. ಆದರೆ ಅದರ ಮುಕ್ತಾಯವನ್ನು ನಾವು ಒಪ್ಪಲಾರೆವು. ಕಾಗೆಗಳು ಹಾರುವ ಗೋಧಿಯ ಹೊಲವನ್ನು ಚಿತ್ರಿಸಿದೊಡನೆಯೇ ಆತ ಗುಂಡು ಹಾರಿಸಿಕೊಳ್ಳುವಂತೆ ಅಲ್ಲಿ ತೋರಿಸಿದೆ. ಆ ಚಿತ್ರವಾದರೋ 1890ರ ಜುಲೈ ತಿಂಗಳ ಮೊದಲ ಭಾಗದ್ದು. ಆತ ತೀರಿಕೊಂಡುದು 29ರಂದು. ಮರದ ಬೇರುಗಳ ಅಪೂರ್ಣ ಚಿತ್ರವೇ ಕಡೆಯದೆಂದು ವಿದ್ವಾಂಸರು ಈಗ ಎಣಿಸುತ್ತಾರೆ. ಅದೇ ಜುಲೈಯಲ್ಲಿ ತಮ್ಮನಾದ ತಿಯೋ ದಂಪತಿಗಳಿಗೆ ಬರೆದ ಪತ್ರದಲ್ಲಿ, ಕ್ಷುಬ್ಧ ಆಕಾಶದ ಕೆಳಗಣ ಹೊಲಗಳಲ್ಲಿ ತನ್ನ ದುಃಖವನ್ನೂ ಒಂಟಿತನವನ್ನೂ ಚಿತ್ರಿಸಿದುದಾಗಿ ಆತ ಹೇಳಿದ್ದಾನೆ. ಹಳ್ಳಿಗಾಡು ನೀಡುವ ಆರೋಗ್ಯ, ಧೈರ್ಯಗಳೂ ಅವುಗಳಲ್ಲಿ ಕಾಣುವುವೆಂದಿದ್ದಾನೆ. ಚಲಚ್ಚಿತ್ರವು ಮೊದಲ ಮಾತನ್ನಷ್ಟೇ ಕೇಳಿಸಿಕೊಂಡಿತು. ಕಲೆಗೆ ಇಷ್ಟು ಸ್ವಾತಂತ್ರ್ಯವುಂಟೆಂದು ಕೆಲವರು ಹೇಳಿಯಾರು. ಆದರೆ ಆ ಪತ್ರಗಳು 1914ರಲ್ಲಿಯೇ ಅಚ್ಚಾಗಿದ್ದವು.